ಸ್ಕೂಟರಿಗಾಗಿ ಮುಚ್ಚಿದ ಮೋರಿ

ನಮ್ಮ ಬೀದಿಗೆ ಮೊದಲು ಸ್ಕೂಟರ್ ತಂದವನು ನಾನು. ಇದನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಆ ಸ್ಕೂಟರಿನಿಂದ ಆದ ಅನ್ಯಾಯವನ್ನು ಮಾತ್ರ ಹೋದ ವರ್ಷ ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ಕೊಳ್ಳೇಗಾಲದಲ್ಲಿ ನಮ್ಮದು ಕೆರೆಯ ಕಡೆಗೆ ಇಳಿಯುವ ಬೀದಿ. ನಮ್ಮ ಸಾಲಿನ ಮನೆಗಳ ಮುಂದೆ ಹಳೆಯ ಕಲ್ಲುಕಟ್ಟಡದ ಮೋರಿ ಇತ್ತು. ಮೇಲಿನ ಬೀದಿಗಳ ಮಳೆನೀರೆಲ್ಲ ಅದರಲ್ಲಿ ಹರಿದು ಕೆರೆ ಸೇರುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತೂಗುವ ಕೆಲಸಕ್ಕೆ ಸೇರಿದ್ದೆ. ಬೀದಿಯವರು ನನ್ನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ತೂಕದಲ್ಲಿ ನನ್ನ ಕೈ ಕರಾರುವಾಕ್ಕು. ಆ ವಿಷಯದಲ್ಲಿ ಯಾರಿಗೂ ಮೋಸ ಮಾಡಿಲ್ಲ.

ಸ್ಕೂಟರ್ ಬಂದ ಮೇಲೆ ಅದನ್ನು ಮೋರಿ ದಾಟಿಸಿ ಮನೆಯೊಳಗೆ ತರುವುದೇ ದೊಡ್ಡ ಸಾಹಸವಾಯಿತು. ಹಲಗೆ ಇಟ್ಟು ನೋಡಿದೆ. ಎರಡನೆಯ ದಿನವೇ ಹಲಗೆ ಜಾರಿತು. ಹೊಸ ಪ್ಯಾಂಟು ಹಾಕಿಕೊಂಡಿದ್ದ ನಾನು ಸ್ಕೂಟರಿನ ಸಮೇತ ಮೋರಿಯಲ್ಲಿ ಕುಳಿತೆ. ಎದುರು ಮನೆಯ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು. ಒಡಹುಟ್ಟಿದವಳಲ್ಲ, ಇಡೀ ಬೀದಿಗೇ ಅಕ್ಕ.

"ಲೇ ತಕ್ಕಡಿ, ನೀನು ಸ್ಕೂಟ್ರು ಓಡುಸ್ತಾ ಇದ್ದಯೋ, ಸ್ಕೂಟ್ರು ನಿನ್ನ ಓಡುಸ್ತಾ ಅದೋ?" ಎಂದಳು. ಬೀದಿಯೆಲ್ಲ ನಕ್ಕಿತು.

ಆ ನಗು ನನಗೆ ತಡೆಯಲಾಗಲಿಲ್ಲ. ಮುಂದಿನ ವಾರ ಬಂಡಳ್ಳಿಯಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳ ಮದುವೆಯಿತ್ತು. ಎಲ್ಲರೂ ಲಾರಿ ಹತ್ತಿ ಹೋದರು. ನಾನು ಹೊಟ್ಟೆನೋವು ಎಂದು ಉಳಿದುಕೊಂಡೆ. ಮೋರಿಯ ಮೇಲೆ ಚಪ್ಪಡಿ ಹಾಸಿ ಇಳಿಜಾರು ಮಾಡುವುದು ನನ್ನ ಯೋಜನೆ. ಆದರೆ ಸ್ಕೂಟರಿನ ಭಾರಕ್ಕೆ ಚಪ್ಪಡಿ ಬಿರುಕು ಬಿಟ್ಟರೆ ಮತ್ತೆ ಮೋರಿಗೇ ಬೀಳಬೇಕಲ್ಲ. ಅದಕ್ಕೆ ಅಡಿಯಲ್ಲಿ ಗೋಣಿಚೀಲ, ಒಡೆದ ಇಟ್ಟಿಗೆ, ಕೈಗೆ ಸಿಕ್ಕಿದ್ದೆಲ್ಲ ತುಂಬಿ, ಅದು ಕೊಚ್ಚಿಹೋಗದಂತೆ ಮೋರಿಯ ಬಾಯಿಗೆ ಒಂದು ದೊಡ್ಡ ಕಲ್ಲು ಜಡಿದೆ. ಸಂಜೆ ಹೊತ್ತಿಗೆ ಇಳಿಜಾರು ಸಿದ್ಧವಾಯಿತು. ಮದುವೆಯಿಂದ ಬಂದವರಿಗೆ, "ಒಳಗೆ ಪೈಪು ಮಡಗಿವ್ನಿ, ನೀರು ಸಲೀಸಾಗಿ ಓಯ್ತದೆ" ಎಂದೆ. ಎಲ್ಲರೂ ನಂಬಿದರು.

ಮಳೆಗಾಲ ಬಂತು. ನನ್ನ ಇಳಿಜಾರಿನವರೆಗೆ ಬಂದ ನೀರು ಅಲ್ಲಿ ತಡೆದು, ರಸ್ತೆ ದಾಟಿ, ಅಕ್ಕನ ಬಾಗಿಲ ಮುಂದೆ ನಿಂತಿತು. ಎರಡು ವರ್ಷ ಹಾಗೇ ನಿಂತ ಮೇಲೆ ಅಕ್ಕ ಒಂದು ಹೊಂಗೆ ಸಸಿ ತಂದು ಅಲ್ಲೇ ನೆಟ್ಟಳು. "ನೀರು ಸುಮ್ನೆ ನಿಂತಿರೋ ಬದ್ಲು ಒಂದು ಗಿಡನಾರಾ ಕುಡೀಲಿ" ಎಂದಳು. ಗಿಡ ಕುಡಿಯಿತು, ಮರವಾಯಿತು. ತರಕಾರಿ ಗಾಡಿ ಅದರ ನೆರಳಲ್ಲೇ ನಿಲ್ಲುತ್ತದೆ. ಹೆಂಗಸರು ಅವರೆಕಾಯಿ ಸುಲಿಯುವುದು, ಹನೂರಿನಿಂದ ಬಂದ ನೆಂಟರು ಬಸ್ಸಿನ ಹೊತ್ತಾಗುವವರೆಗೆ ಕೂರುವುದು ಎಲ್ಲ ಅಲ್ಲೇ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಜೋರು ಮಳೆ ಬಂದಾಗ ಅಕ್ಕನ ಮನೆಯ ನೀರು ತಳ್ಳಲು ಪೊರಕೆ ಹಿಡಿದು ಮೊದಲು ಓಡುತ್ತಿದ್ದವನು ನಾನೇ. ಬೀದಿಯವರು ನನ್ನನ್ನು ಹೊಗಳುತ್ತಿದ್ದರು. ಅಕ್ಕ ಬಿಸಿ ಹುರುಳಿಸಾರು ಬಡಿಸುತ್ತಿದ್ದಳು. ಅದನ್ನು ಎರಡನೆಯ ಸಲ ಹಾಕಿಸಿಕೊಂಡೂ ಉಂಡಿದ್ದೇನೆ.

ಕಾಲಕ್ರಮದಲ್ಲಿ ರಸ್ತೆಗೆ ಟಾರು ಬಂತು, ಅದರ ಮೇಲೆ ಸಿಮೆಂಟು ಬಂತು, ಮೋರಿ ಅದರ ಅಡಿಯಲ್ಲಿ ಮರೆಯಾಯಿತು. ಸ್ಕೂಟರ್ ಗುಜರಿಗೆ ಹೋಯಿತು. ಇಳಿಜಾರು ಮಾತ್ರ ಉಳಿಯಿತು.

ಹೋದ ವರ್ಷ ಬೇಸಿಗೆಯಲ್ಲಿ, ನಗರಸಭೆಯವರು ಬೀದಿಯನ್ನೂ ಕೆರೆಯನ್ನೂ ಸೇರಿಸಿ ಸರಿಪಡಿಸುತ್ತಾರಂತೆ ಎಂದು ಸುದ್ದಿಯಾಯಿತು. ನಕ್ಷೆ ಮಾಡುವ ಹೆಣ್ಣುಮಗಳೊಬ್ಬಳು ಬಂದಳು. ಅವಳು ಕೇಳುವ ಪ್ರಶ್ನೆಗಳೇ ವಿಚಿತ್ರ. ಮಧ್ಯಾಹ್ನ ಎಲ್ಲಿ ಕೂರುತ್ತೀರಿ, ಎಲ್ಲಿ ಕಾಲು ಸುಡುತ್ತದೆ, ಮಳೆ ಬಂದರೆ ಯಾವ ಕಡೆಯಿಂದ ಸುತ್ತಿ ಹೋಗುತ್ತೀರಿ. ರಸ್ತೆಯ ಅಂಚಿನಲ್ಲಿ ಒಂದಷ್ಟು ಜಾಗ ಸಿಮೆಂಟು ತೆಗೆದು ಮಣ್ಣು ಬಿಟ್ಟು ಹುಲ್ಲು ಬೆಳೆಸಬೇಕು, ನೀರು ಇಂಗಬೇಕು ಎಂದಳು.

"ನಾವು ಸಿಮೆಂಟ್ ಕೇಳುದ್ರೆ ನೀವು ಉಲ್ಲು ಕೊಡ್ತೀರಲ್ಲ ಮೇಡಂ, ನಮ್ಮನ್ನೇನು ದನ ಅನ್ಕಂಡ್ರಾ?" ಎಂದ ಹಿಟ್ಟಿನ ಗಿರಣಿಯವನು. ಆಕೆಯೂ ನಕ್ಕಳು.

ಒಂದು ಭಾನುವಾರ ಬೆಳಿಗ್ಗೆ ಅವಳು ಹೆಂಗಸರ ಕೈಗೆ ರಂಗೋಲಿ ಪುಡಿ ಕೊಟ್ಟು, ಬೀದಿಯ ನಕ್ಷೆಯನ್ನು ರಸ್ತೆಯ ಮೇಲೇ ಬರೆಯಿರಿ ಎಂದಳು. ಮರಕ್ಕೆ ಹಸಿರು, ಬಿಸಿಲಿಗೆ ಕೆಂಪು, ನೀರಿಗೆ ನೀಲಿ. ಹಬ್ಬದ ಹಾಗೆ ಎಲ್ಲರೂ ಬಗ್ಗಿ ಬರೆದರು. ಬರೆದು ಮುಗಿದ ಮೇಲೆ ನೋಡಿದರೆ, ನೀಲಿ ಗೆರೆ ಮೇಲಿನಿಂದ ನೆಟ್ಟಗೆ ಇಳಿದು ನನ್ನ ಮನೆಯ ಮುಂದೆ ಗಕ್ಕನೆ ತಿರುಗಿ ಅಕ್ಕನ ಮರದ ಬುಡದಲ್ಲಿ ಹರಡಿತ್ತು.

"ಇಲ್ಲಿ ಯಾಕೆ ಹೀಗೆ?" ಎಂದು ಕೇಳಿದಳು ನಕ್ಷೆಯವಳು.

"ಬೇರು ಕಣ್ರಿ. ಆ ಹೊಂಗೆ ಬೇರು ರಸ್ತೆ ಅಡೀಲಿ ಬಂದು ಮೋರಿ ಒಡೆದಾಕ್ಬುಟ್ಟದೆ" ಎಂದ ಗಿರಣಿಯವನು. ಅವನು ನಮ್ಮ ಬೀದಿಗೆ ಬಂದಿದ್ದೇ ಮರ ದೊಡ್ಡದಾದ ಮೇಲೆ.

ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನೀರು ಮೊದ್ಲು ಬಂದುದ್ದು, ಗಿಡ ಆಮೇಕೆ ನೆಟ್ಟುದ್ದು. ಇಲ್ಲಿ ಆಗ್ಲಿಂದ ಇರೋನು ಇವನೊಬ್ನೇ. ಲೇ ತಕ್ಕಡಿ, ಯಾವ್ದು ಮೊದ್ಲು? ಯೋಳ್ಲಾ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು, "ನಂಗೆ ಗ್ಯಾಪಕ ಇಲ್ಲ ಕಣಕ್ಕ" ಎಂದೆ.

ಮೋರಿ ಮುಚ್ಚಿದ್ದಕ್ಕಿಂತ ದೊಡ್ಡ ಪಾಪ ಇದು ಎಂದು ನನಗೆ ಈಗಲೂ ಅನ್ನಿಸುತ್ತದೆ. ನಕ್ಷೆಯವಳು ಬೇಸರದಿಂದಲೇ ಹೇಳಿದಳು: ಬೇರಿನಿಂದ ಮೋರಿ ಒಡೆದಿದ್ದರೆ ಹೊಸ ಕಾಲುವೆಯನ್ನು ಮರ ಇರುವ ಕಡೆಯೇ ತರಬೇಕು, ಎದುರು ಸಾಲಿನಲ್ಲಿ ಕುಡಿಯುವ ನೀರಿನ ಪೈಪು ಹೋಗಿದೆ. ಮರ ತೆಗೆಯದೆ ದಾರಿಯಿಲ್ಲ. ಮುಂದಿನ ಭಾನುವಾರ ಬಂದು ಕಡಿಯುವ ಗುರುತು ಹಾಕುತ್ತೇವೆ.

ಆ ವಾರ ಅಕ್ಕ ಯಾರನ್ನೂ ರೇಗಿಸಲಿಲ್ಲ. ದಿನಕ್ಕೆ ಮೂರು ಸಲ ಮರದ ಕೆಳಗೆ ಗುಡಿಸಿದಳು. ನನ್ನ ಹೆಂಡತಿ ಶನಿವಾರ ಮಧ್ಯಾಹ್ನ ಮುದ್ದೆ ಬಡಿಸುತ್ತಾ ಕೇಳಿದಳು: "ನಿಮಗೆ ಗ್ಯಾಪಕ ಇಲ್ವಾ? ಆ ಸ್ಕೂಟ್ರು ನಂಬರ್ ಯೋಳಿ ನೋಡನ."

ನಾನು ನಂಬರನ್ನು ತಡವರಿಸದೆ ಹೇಳಿದೆ. ಅವಳು ಸಾರಿನ ಪಾತ್ರೆ ಎತ್ತಿಕೊಂಡು ಹೋದಳು.

ಭಾನುವಾರ ಕೆಂಪು ಬಣ್ಣದ ಡಬ್ಬ ಬಂತು. ಅದರ ಮುಚ್ಚಳ ತೆಗೆಯುವುದನ್ನು ನೋಡುತ್ತಿದ್ದ ಹಾಗೆ ನನ್ನ ಕಾಲು ತಾನೇ ನಡೆದು ಮರದ ಮುಂದೆ ನಿಂತಿತು. "ಬೇರಲ್ಲ, ನಾನು" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಮೊದಲಿನಿಂದ ಎಲ್ಲವನ್ನೂ ಹೇಳಿದೆ: ಸ್ಕೂಟರ್, ಹಲಗೆ, ಬಂಡಳ್ಳಿ ಮದುವೆ, ಹೊಟ್ಟೆನೋವು, ಇಲ್ಲದ ಪೈಪು. "ನನ್ನ ಇಳಿಜಾರು ಒಡೀರಿ. ಕೆಳಗೆ ಮೋರಿ ಅದೆ" ಎಂದೆ.

ನಕ್ಷೆಯವಳ ಜೊತೆ ಬಂದಿದ್ದ ಕೌದಳ್ಳಿಯ ಕಲ್ಲುಕೆಲಸದವನು ಹಾರೆ ಹಾಕಿದ. ಚಪ್ಪಡಿ ಎದ್ದಿತು. ಗೋಣಿಯ ಚಿಂದಿ, ಇಟ್ಟಿಗೆ ಹೊರಬಂದವು. ಅಡಿಯಲ್ಲಿ ಹಳೆಯ ಕಲ್ಲಿನ ಕಟ್ಟಡ ಒಂದಿಷ್ಟೂ ಬಿರುಕಿಲ್ಲದೆ ಇತ್ತು. ಬೇರಿನ ಸುಳಿವೂ ಇಲ್ಲ. ಕೊನೆಗೆ ಬಾಯಿಗೆ ಜಡಿದಿದ್ದ ಕಲ್ಲನ್ನು ಇಬ್ಬರು ಸೇರಿ ಎತ್ತಿ ರಸ್ತೆಗೆ ಉರುಳಿಸಿದರು.

ಅಕ್ಕ ಬಗ್ಗಿ ನೋಡಿದಳು. ಮಣ್ಣು ಒರೆಸಿ ಮತ್ತೆ ನೋಡಿದಳು. "ಲೇ, ಇದು ನನ್ನ ಬಟ್ಟೆ ಒಗಿಯೋ ಕಲ್ಲಲ್ವೇನ್ಲಾ?"

ಅದೊಂದನ್ನು ಮಾತ್ರ ಹೇಳಲು ಧೈರ್ಯ ಸಾಲದೆ ಬಿಟ್ಟಿದ್ದೆ. ಆ ದಿನ ದೊಡ್ಡ ಕಲ್ಲು ಬೇಕಾಗಿತ್ತು, ಅಕ್ಕನ ಕಲ್ಲು ಅವಳ ಮನೆಯ ಮುಂದೆಯೇ ಇತ್ತು. ಮದುವೆಯಿಂದ ಬಂದ ಅಕ್ಕ ಕಲ್ಲು ಕದ್ದವನಿಗೆ ಒಂದು ತಿಂಗಳು ಶಾಪ ಹಾಕಿದ್ದಳು. ಆಗ ನಾನೂ ಅವಳ ಜೊತೆ ನಾಲ್ಕು ಬೀದಿ ಹುಡುಕಿದ್ದೆ.

"ಕಳ್ನನ್ನೇ ಕರ್ಕಂಡು ಕಲ್ಲು ಉಡುಕುದ್ನಲ್ಲ, ನನ್ ಬುದ್ಧಿಗೊಂದಿಷ್ಟು" ಎಂದು ಅಕ್ಕ ತಲೆ ಚಚ್ಚಿಕೊಂಡಳು. ಸಿಟ್ಟು ಬಂದೇ ಬರುತ್ತದೆ ಎಂದು ತಲೆ ಬಗ್ಗಿಸಿ ನಿಂತಿದ್ದೆ. ಅವಳು ಕಲ್ಲಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಬೈದಳು. ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲವೂ ನ್ಯಾಯವಾದವೇ. ಬಣ್ಣದ ಡಬ್ಬದ ಮುಚ್ಚಳವನ್ನು ನಕ್ಷೆಯವಳು ತಾನೇ ಮುಚ್ಚಿದಳು.

ಮೋರಿ ತೆರೆದರೆ ಮರ ಒಣಗುತ್ತದೆ ಎಂದು ಅಕ್ಕನಿಗೆ ಇನ್ನೊಂದು ಚಿಂತೆ ಹತ್ತಿತು. ನಕ್ಷೆಯವಳು ಮೋರಿಯಿಂದ ರಸ್ತೆಯ ಅಡಿಯಲ್ಲಿ ಒಂದು ಸಣ್ಣ ಕವಲು ತೆಗೆದು, ಮರದ ಸುತ್ತ ಸಿಮೆಂಟು ಕಿತ್ತು ತಟ್ಟೆಯ ಹಾಗೆ ತಗ್ಗು ಮಾಡಿಸಿದಳು. ಮೊದಲು ಮರ ಕುಡಿಯಬೇಕು, ಮಿಕ್ಕಿದ್ದು ಕೆರೆಗೆ. ಅಕ್ಕ ಎಂದೋ ಹೇಳಿದ್ದೂ ಅದನ್ನೇ. ತಗ್ಗಿನಲ್ಲಿ ಹುಲ್ಲು ಬಂದಾಗ ಗಿರಣಿಯವನೇ ಆಡು ಮೇಯದಂತೆ ಕಾವಲು ನಿಂತ.

ನನ್ನ ಇಳಿಜಾರು ಹೋಗಿ, ಮೋರಿಯ ಆಚೆಗೆ ಎರಡು ಮೆಟ್ಟಿಲು ಬಂದಿವೆ. ಈ ಮಂಡಿಗೆ ಇಳಿಜಾರೇ ಹಿತವಾಗಿತ್ತು. ಆದರೆ ಹಾಗೆ ಹೇಳುವ ಬಾಯಿ ನನಗಿಲ್ಲ. ಅಕ್ಕನ ಮನೆಯಲ್ಲಿ ಈಗ ವಾಷಿಂಗ್ ಮಿಷನ್ ಇರುವುದರಿಂದ ಒಗೆಯುವ ಕಲ್ಲು ಮರದ ಕೆಳಗೆ ಉಳಿಯಿತು. "ಕದ್ದೋನೇ ಕೂತ್ಕಳ್ಳಿ, ಬೆನ್ನು ನೋಯ್ಲಿ" ಎಂದು ತೀರ್ಪಾಯಿತು. ಮಳೆಗೆ ಮುಂಚೆ ಮೋರಿಯ ಬಾಯಿಯ ಎಲೆ, ಹೂಳು ತೆಗೆಯುವುದೂ ನನ್ನ ಪಾಲಿಗೇ ಬಂತು.

ಮೊದಲ ಮಳೆ ಸಂಜೆ ನಾಲ್ಕಕ್ಕೆ ಬಂತು. ಬೀದಿಯವರೆಲ್ಲ ಜಗಲಿಗಳ ಮೇಲೆ ನಿಂತು ನೋಡಿದೆವು. ನೀರು ಮೇಲಿನಿಂದ ಇಳಿಯಿತು, ನನ್ನ ಮನೆಯ ಮುಂದೆ ನಿಲ್ಲಲಿಲ್ಲ. ಒಂದಿಷ್ಟು ಕವಲಿಗೆ ಹೋಗಿ ಮರದ ತಟ್ಟೆ ತುಂಬಿತು. ಉಳಿದದ್ದು ಕೆರೆಯ ಕಡೆ ಹರಿಯಿತು. ನಾನು ಅಭ್ಯಾಸಬಲದಿಂದ ಪೊರಕೆ ಹಿಡಿದು ಹೊರಟಿದ್ದೆ. ತಳ್ಳಲು ಅಕ್ಕನ ಬಾಗಿಲಲ್ಲಿ ನೀರೇ ಇರಲಿಲ್ಲ.

ಅವಳು ಒಳಗಿನಿಂದ ಹುರುಳಿಸಾರಿನ ಲೋಟ ತಂದು ಕೊಟ್ಟಳು. ಈ ಸಲ ಕೆಲಸ ಮಾಡದೆ ಕುಡಿದೆ.

"ಈಗ್ಲಾರಾ ಗ್ಯಾಪಕ ಬಂತಾ? ಯಾವ್ದ್ಲಾ ಮೊದ್ಲು?"

"ನೀರು ಮೊದ್ಲು ಕಣಕ್ಕ. ಗಿಡ ಆಮೇಕೆ."

"ನೀರಿಗಿಂತ ಮೊದ್ಲು?"

"ನಿನ್ನ ಕಲ್ಲು" ಎಂದೆ.