ಸುರಿಗಿಗೆ ಹಚ್ಚಿದ ಮಾತಿಲ್ಲದ ಹಾಡು

ಹೋದ ವಾರ ಕೊರಿಯರ್‌ನಲ್ಲಿ ಒಂದು ಹಳೆಯ ಗ್ರಾಮೊಫೋನ್ ತಟ್ಟೆ ಬಂತು. ಬಿಚ್ಚಿದೊಡನೆ ಮುಗ್ಗಲು ಹಿಡಿದ ರಟ್ಟಿನ ವಾಸನೆ, ಅದರ ಹಿಂದೆಯೇ ಸಣ್ಣಗೆ ನುಸಿಗುಳಿಗೆಯ ಘಾಟು. ಹೊದಿಕೆಯನ್ನು ಮೂಗಿಗೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ... ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಿ, “ಇದನ್ನ ಕೇಳಾಕ ತರಿಸೀಯೋ, ಮೂಸಾಕೋ?” ಎಂದರು. ನನಗೆ ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ಮದುವೆಗಳಿಗೆ ಮೈಕು ಬಾಡಿಗೆ ಕೊಡುತ್ತಿದ್ದ ಮೈಕ್ ಸೆಟ್ ಕಾಕಾ ನೆನಪಾಗಿದ್ದರು.

ನನ್ನದು ಸ್ವಲ್ಪ ವಿಚಿತ್ರ ಹುಚ್ಚು. ಪರದೇಶಗಳಲ್ಲಿ ನಮ್ಮ ದೊಡ್ಡಾಟದ ಹಾಗೆ ಹಾಡಿನಲ್ಲೇ ಕಥೆ ನಡೆಸುವ ರಾಕ್ ನಾಟಕಗಳಿವೆ. ಆ ಹಾಡುಗಳ ಮಾತನ್ನೆಲ್ಲ ಕಿತ್ತುಹಾಕಿ, ಸಿಂಥಸೈಜರ್ ಎಂಬ ಕರೆಂಟಿನ ವಾದ್ಯದಲ್ಲಿ ಬರೀ ಧಾಟಿ ನುಡಿಸಿದ ತಟ್ಟೆಗಳು ಒಂದು ಕಾಲಕ್ಕೆ ಬಂದಿದ್ದವು. ನಾನು ಕೂಡಿಹಾಕುವುದು ಅವನ್ನಷ್ಟೇ. ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುವವಳಿಗೆ ಮಾತಿಲ್ಲದ ಹಾಡಿನ ಗೀಳು ಅಂಟಿಸಿದವರು ಇಂಗ್ಲಿಷಿನ ಒಂದಕ್ಷರವೂ ಬಾರದ ಕಾಕಾ.

ಕುಷ್ಟಗಿಯವಳಾದ ನಾನು ಕೊಪ್ಪಳದಲ್ಲಿ ನೌಕರಿ ಸಿಕ್ಕಾಗ ಅವರ ಅಂಗಡಿಯ ಎದುರಿಗೇ ಬಾಡಿಗೆಗಿದ್ದೆ. ಆಗಲೇ ಸಿ.ಡಿ.ಗಳ ಕಾಲ. ಕಾಕಾನೂ ಮದುವೆಗಳಲ್ಲಿ ಸಿ.ಡಿ.ಯನ್ನೇ ಹಚ್ಚುತ್ತಿದ್ದರು. ಆದರೆ ಸುರಿಗಿಯ ಹೊತ್ತಿಗೆ, ಅಂದರೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರೆರೆಯುವಾಗ, ಹಳೆಯ ರೆಕಾರ್ಡ್ ಪ್ಲೇಯರ್ ಹೊರಗೆ ಬರುತ್ತಿತ್ತು. ಅದರಲ್ಲಿ ತಿರುಗುತ್ತಿದ್ದುದು ಮಾತಿಲ್ಲದ ತಟ್ಟೆಯೊಂದೇ.

ಅದಕ್ಕೊಂದು ಕಾರಣವಿತ್ತು. ಹರೆಯದಲ್ಲಿ ಯಲಬುರ್ಗಾದ ಒಂದು ಮದುವೆಯಲ್ಲಿ ಸುರಿಗಿಗೆ ಸರಿಯಾಗಿ ಅಗಲಿಕೆಯ ಸಿನಿಮಾ ಹಾಡು ಹಚ್ಚಿಬಿಟ್ಟಿದ್ದರಂತೆ. ಹುಡುಗಿಯ ಅಜ್ಜಿ, “ಮದುವಿ ಮನ್ಯಾಗ ಅಳೂ ಹಾಡ ಹಚ್ತೀಯೇನೋ” ಎಂದು ಹಾರಾಡಿ, ಊಟಕ್ಕೆ ಮೊದಲೇ ಮೈಕಿನ ಹಾರ್ನ್ ಕೆಳಗಿಳಿಸುವಂತೆ ಮಾಡಿದಳಂತೆ. ಅಂದಿನಿಂದ ಸುರಿಗಿಗೆ ಮಾತಿರುವ ಹಾಡು ಬಂದ್. “ಮಾತ ಇಲ್ಲ ಅಂದ್ರ ಕೆಟ್ಟ ಮಾತೂ ಇಲ್ಲ ನೋಡ್ರಿ ಟೀಚರ,” ಎನ್ನುತ್ತಿದ್ದರು.

ಸಾಮಾನು ತರಲು ಹೈದರಾಬಾದಿಗೆ ಹೋದಾಗಲೆಲ್ಲ ಹಳೇ ಬಜಾರಿನಲ್ಲಿ ಇಂಥ ತಟ್ಟೆ ಹುಡುಕುತ್ತಿದ್ದರು. ಹೊದಿಕೆಯ ಮೇಲೆ ಬಾಯಿ ತೆರೆದ ಮನುಷ್ಯನಿದ್ದರೆ ಅವನು ಹಾಡುತ್ತಾನೆ, ಬೇಡ. ವಯರು, ತಿರುಗಿಸುವ ಗುಬಟುಗಳ ಚಿತ್ರವಿದ್ದರೆ ಬೇಕು. ಇಷ್ಟೇ ಅವರ ಪರೀಕ್ಷೆ. ಇದರಲ್ಲೇ ಒಂದು ಟ್ರಂಕು ತುಂಬುವಷ್ಟು ಕೂಡಿಸಿದ್ದರು. ಸಂಜೆ ಶಾಲೆಯಿಂದ ಬಂದು ಅವರ ಅಂಗಡಿಯ ಸ್ಟೂಲಿನಲ್ಲಿ ಕೂತು ನಾನೂ ಕೇಳುತ್ತಿದ್ದೆ. ನುಸಿಗುಳಿಗೆಯ ಘಾಟಿನ ನಡುವೆ ಆ ವಾದ್ಯ ಎಲ್ಲಿಂದಲೋ ಬಂದು ಎಲ್ಲಿಗೋ ಕರೆದುಕೊಂಡು ಹೋಗುತ್ತಿತ್ತು... ಅದು ನನ್ನ ಬದುಕಿನ ಒಳ್ಳೆಯ ಕಾಲ.

ಅದನ್ನು ಕೆಡಿಸಿದವಳೂ ನಾನೇ. ಕಲಿತವಳಲ್ಲವೇ, ಸುಮ್ಮನಿರಲಾಗಲಿಲ್ಲ. ಸುರಿಗಿ ತಟ್ಟೆಯ ಹಿಂಬದಿಯಲ್ಲಿದ್ದ ಹೆಸರುಗಳನ್ನು ಬರೆದುಕೊಂಡು ಹೋಗಿ, ಆಗಷ್ಟೇ ಊರಿಗೆ ಬಂದಿದ್ದ ಇಂಟರ್ನೆಟ್ ಅಂಗಡಿಯಲ್ಲಿ ಹುಡುಕಿದೆ. ಅದು ಯಾವುದೋ ರಾಕ್ ನಾಟಕದ ಹಾಡು. ಮೂಲದಲ್ಲಿ ಅದಕ್ಕೆ ಬೇಕಾದಷ್ಟು ಮಾತಿತ್ತು. ಮರುದಿನ ಬೆಳಿಗ್ಗೆ ಪರೀಕ್ಷೆಯ ಫಲಿತಾಂಶ ಹೇಳುವವಳ ಹಾಗೆ ಅಂಗಡಿಗೆ ಹೋಗಿ, ನಗುನಗುತ್ತಲೇ ಹೇಳಿದೆ, “ಅದರಾಗ ಹೆಂಡ್ತಿ ತನ್ನ ಗಂಡನ ಹೆಣದ ಮುಂದ ಕುಂತು ಹಾಡ್ತಾಳಂತ್ರಿ ಕಾಕಾ!”

ತಟ್ಟೆ ಒರೆಸುತ್ತಿದ್ದ ಅವರ ಕೈ ನಿಂತಿತು. ತಟ್ಟೆಯನ್ನು ಹೊದಿಕೆಯೊಳಗೆ ತೂರಿಸಿ, “ನನ್ನ ಮಗಳ ಸುರಿಗಿಗೂ ಇದನ್ನ ಹಚ್ಚಿದ್ದೆ,” ಎಂದರು. ಆ ಮಗಳು ಗಂಡನನ್ನು ಬಿಟ್ಟುಬಂದು ಎರಡು ವರ್ಷವಾಗಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡಿದ್ದಳು. ನನ್ನ ನಾಲಿಗೆ ಕಚ್ಚಿಕೊಂಡರೂ ಆಡಿದ ಮಾತು ಒಳಗೆ ಹೋಗಲಿಲ್ಲ.

ಆಮೇಲೆ ರೆಕಾರ್ಡ್ ಪ್ಲೇಯರ್ ಹೊರಗೆ ಬರಲೇ ಇಲ್ಲ. ಮದುವೆಯವರು ಕೇಳಿದರೆ ಕೆಟ್ಟಿದೆ ಎನ್ನುತ್ತಿದ್ದರು. ಅಂಗಡಿಗೆ ಬಂದವರ ಹತ್ತಿರ, ತಾವು ಆ ತಟ್ಟೆ ಹಚ್ಚಿದ್ದ ಹಳೆಯ ಮದುವೆಗಳ ಸುದ್ದಿ ತೆಗೆಯುವುದೇ ಅವರ ಕೆಲಸವಾಯಿತು. ನವಲಿಯ ಹುಡುಗಿಯ ಗಂಡ ಟ್ರ್ಯಾಕ್ಟರ್ ಉರುಳಿ ಸತ್ತಿದ್ದ. ಕನಕಗಿರಿಯ ಜೋಡಿ ಕೋರ್ಟು ಹತ್ತಿತ್ತು. ಚೆನ್ನಾಗಿದ್ದವರ ಸುದ್ದಿ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೋಗುತ್ತಿತ್ತು, ಕೆಟ್ಟದ್ದು ಮಾತ್ರ ಒಳಗೇ ಉಳಿಯುತ್ತಿತ್ತು. ನೋಡಲಾರದೆ ಒಂದು ದಿನ, ನಾನು ಓದಿದ್ದೇ ತಪ್ಪು, ಅದು ಜೋಗುಳವಂತೆ ಎಂದೆ. ಕಾಕಾ ಮೊದಲ ಸಲ ಸ್ವಲ್ಪ ನಕ್ಕು, “ನಿಮಗ ಸುಳ್ಳ ಹೇಳಾಕ ಬರೂದಿಲ್ಲ, ಬಿಡ್ರಿ ಟೀಚರ,” ಎಂದರು.

ಮರುವರ್ಷ ನನ್ನ ಮದುವೆ ಗೊತ್ತಾಯಿತು, ಕುಷ್ಟಗಿಯಲ್ಲಿ. ಮೈಕು ಕಾಕಾನದೇ, ಸುರಿಗಿಗೆ ಅದೇ ತಟ್ಟೆ ಎಂದು ಹೇಳಿದೆ. “ಕೈ ಮುಗೀತೀನ್ರಿ, ಬ್ಯಾಡ,” ಎಂದು ಬರೀ ಸಿ.ಡಿ. ಹಿಡಿದುಕೊಂಡು ಬಂದರು. ನಾನು ಅವರ ಮಗಳೊಂದಿಗೆ ಮೊದಲೇ ಸಂಚು ಮಾಡಿದ್ದೆ. ಅವಳು ಪ್ಲೇಯರನ್ನೂ ತಟ್ಟೆಯನ್ನೂ ತನ್ನ ಸೀರೆಯಲ್ಲಿ ಸುತ್ತಿ ತಂದಿದ್ದಳು. ದಾರ ಸುತ್ತಿಯಾಯಿತು, ಮುತ್ತೈದೆಯರು ತಂಬಿಗೆ ಹಿಡಿದು ನಿಂತರು. ಹಾಡು ಹಚ್ಚುವ ತನಕ ನೀರು ಹಾಕಿಸಿಕೊಳ್ಳುವುದಿಲ್ಲ ಎಂದು ನಾನು ಕೂತುಬಿಟ್ಟೆ. ನಮ್ಮವ್ವ ಎಲ್ಲರೆದುರೇ ಬೈದಳು. ಪಕ್ಕದಲ್ಲಿದ್ದ ಮದುಮಗನಿಗೆ ವಿಷಯವೆಲ್ಲ ಗೊತ್ತಿತ್ತು. ಅವರು, “ಹಾಡ ಯಾವುದರ ಇರ್ಲಿ, ನೀರು ಬಿಸಿ ಇರ್ಲಿ,” ಎಂದರು. ಆ ಕ್ಷಣವೇ ನನಗೆ, ಜನ್ಮಕ್ಕೆ ಈ ಮನುಷ್ಯನೇ ಸಾಕು ಅನಿಸಿತು.

ಕಾಕಾ ಪ್ಲೇಯರಿನ ಮುಂದೆ ನಿಂತಿದ್ದರು, ಕೈ ಮುಂದೆ ಬರುತ್ತಿರಲಿಲ್ಲ. ಆಗ ಮಗಳು ಹತ್ತಿರ ಹೋಗಿ, “ಹಚ್ಚಪ್ಪಾ,” ಎಂದಳು. “ನನ್ನ ಗಂಡ ಕುಡೀತಿದ್ದ, ಹೊಡೀತಿದ್ದ. ಅದಕ್ಕ ಬಿಟ್ಟು ಬಂದೆ. ನಿನ್ನ ಪ್ಲೇಟ ಏನ್ ಮಾಡೀತು ಪಾಪ!” ಅಪ್ಪನಿಗೆ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಂತೆ. ಕಾಕಾ ಅವಳ ಮುಖವನ್ನೇ ನೋಡಿದರು... ಆಮೇಲೆ ಮುಳ್ಳು ಇಳಿಸಿದರು. ಮೊದಲು ಕರ್ ಎಂದಿತು, ಮತ್ತೆ ಹಾಡು ಹತ್ತಿತು. ನನ್ನ ತಲೆಯ ಮೇಲೆ ನೀರು ಬಿತ್ತು.

ಅಂದಿನಿಂದ ಅವರು ನಮ್ಮ ಸಂಸಾರದ ಕಾವಲಿಗೆ ನಿಂತರು. ನಾವು ಕೊಪ್ಪಳದಲ್ಲೇ ಮನೆ ಮಾಡಿದ್ದೆವು. ಎರಡು ಮೂರು ತಿಂಗಳಿಗೊಮ್ಮೆ, ನನ್ನ ಪ್ಲೇಯರಿನ ಮುಳ್ಳು ನೋಡುವ ನೆಪದಲ್ಲಿ ಬಂದು, “ಹೆಂಗದೀರಿ ಇಬ್ರೂ?” ಎಂದು ಕೇಳುತ್ತಿದ್ದರು. ಆ ‘ಇಬ್ರೂ’ ಎಂಬುದರ ಮೇಲೆ ಅವರ ಪ್ರಾಣವೇ ಇರುತ್ತಿತ್ತು. ಯಜಮಾನರಿಗೆ ಗಂಗಾವತಿಗೆ ವರ್ಗವಾದ ವರ್ಷ ನಾವು ಒಂದು ತಿಂಗಳು ಮಾತು ಬಿಟ್ಟಿದ್ದೆವು. ಬಾಗಿಲಲ್ಲಿ ಕಾಕಾನ ದನಿ ಕೇಳಿದ್ದೇ ತಡ, ಇಬ್ಬರೂ ಓಡಿಬಂದು ಒಂದೇ ಮಂಚದ ಮೇಲೆ ಕೂತು, ಒಬ್ಬರಿಗೊಬ್ಬರು ಚಹಾ ಕೊಟ್ಟುಕೊಂಡೆವು. ಅವರು ಸಮಾಧಾನದಿಂದ ಎದ್ದುಹೋದ ಮೇಲೆ ಜಗಳ ಎಲ್ಲಿಗೆ ನಿಂತಿತ್ತೆಂದು ಇಬ್ಬರಿಗೂ ನೆನಪಾಗಲಿಲ್ಲ. ಹೀಗೆ ಎಷ್ಟು ಸಲ ಆಯಿತೋ... ನಾನು ಅವರನ್ನು ಉಳಿಸಿದೆನೆಂದು ಬೀಗುತ್ತಿದ್ದೆ. ಉಳಿದದ್ದು ನಾವು.

ಕಾಕಾ ಹೋಗಿ ವರ್ಷವಾಗುತ್ತ ಬಂತು. ಮಣ್ಣು ಮುಗಿಸಿ ಬಂದ ಸಂಜೆ ಯಜಮಾನರು, “ಇನ್ನ ಮ್ಯಾಲೆ ನಾವು ಬೇಕಾದಷ್ಟು ಜಗಳ ಆಡಬಹುದು ನೋಡು,” ಎಂದರು. ನನ್ನನ್ನು ನಗಿಸಲೆಂದು ಅಂದ ಮಾತು. ನಗಲು ಹೋಗಿ ಇಬ್ಬರೂ ಅತ್ತೆವು.

ಈಗಲೂ ಜಗಳವಾಡುತ್ತೇವೆ. ನಾವಿಬ್ಬರೂ ಹೇಗಿದ್ದೇವೆಂದು ಕೇಳಿಕೊಂಡು ಯಾರೂ ಬರುವುದಿಲ್ಲ. ಒಬ್ಬರನ್ನೊಬ್ಬರು ನಾವೇ ಕೇಳಿಕೊಳ್ಳಬೇಕು.