ಮಾದೇವ ಕೇಳಿದ್ದ ಪ್ರಾಸ

ನಂಬೋದು ಹೇಗೆ...
ನಿನ್ನೆ ಸಂಜೆ ವಾಟ್ಸಾಪ್‌ನಲ್ಲಿ ನನ್ನನ್ನು ಬೈದವನು ಇವತ್ತು ಇಲ್ಲವಂತೆ.

ಗಾವಡಗೆರೆಯ ನಮ್ಮ ಮಹದೇವ.
ನಿವೃತ್ತ ಹವಾಲ್ದಾರ್, ಸೇನೆಯ ಡ್ರೈವರ್. ಹುಣಸೂರು ಕಾಲೇಜಿನಲ್ಲಿ ನನ್ನದೇ ಬೆಂಚು.
ಬೆಳಿಗ್ಗೆ ಹೊಗೆಸೊಪ್ಪಿನ ಹೊಲದಿಂದ ಬಂದು "ಎದೆ ಉರೀತದೆ" ಅಂದನಂತೆ...
ಆಸ್ಪತ್ರೆ ಮುಟ್ಟುವ ಮುಂಚೆಯೇ ಮುಗಿದುಹೋಯಿತು.

ರಸ್ತೆಬದಿಯ ಬಾಂಬಿಗೆ ಜಗ್ಗದವನು
ಹಾರ್ಟಿನ ಮುಂದೆ ಬಗ್ಗಿದ...
ಕ್ಷಮಿಸಿ. ಬೋರ್ಡ್ ಬರೆಯುವವನ ಕೈ ಅಳುವಾಗಲೂ ಪ್ರಾಸ ಹುಡುಕುತ್ತದೆ.

ಅವನ ಜೊತೆ ಬಸ್ಸಿನಲ್ಲಿ ಕೂತವರಿಗೆ ಗೊತ್ತು.
ಪಾದ ನೆಲಕ್ಕೆ ಊರುತ್ತಿರಲಿಲ್ಲ. ಬ್ಯಾಗಿನ ಮೇಲೆ ಎತ್ತಿಟ್ಟೇ ಕೂರುತ್ತಿದ್ದ.
ಒಮ್ಮೆ ಬಿಳಿಕೆರೆಯಲ್ಲಿ ಹತ್ತಿದ ಅಜ್ಜಿ ಕೇಳಿತು,
"ಯಾಕ್ಲಾ ಮಗ, ಕೆಳಗೆ ಇರುವೆ ಮುತ್ಕಂಡವಾ?"
"ಊಂ ಕಣಜ್ಜಿ... ದೊಡ್ಡಿರುವೆ."

ರಸ್ತೆಯಲ್ಲಿ ಹೂತ ಬಾಂಬು ಸಿಡಿದರೆ ಪೆಟ್ಟು ಬರುವುದು ಕಾಲಡಿಯಿಂದ.
ಅವನು ಓಡಿಸುತ್ತಿದ್ದ ಗಾಡಿಯ ತಳ ದೋಣಿಯ ತಳದಂತೆ. ಸ್ಫೋಟವನ್ನು ಎರಡೂ ಪಕ್ಕಕ್ಕೆ ಸರಿಸುತ್ತದೆ.
ಅವನ ಗಾಡಿಯಡಿ ಬಾಂಬು ಸಿಡಿದ ದಿನವೂ ಸರಿಸಿತು.
ಗಾಡಿ ಉಳಿಯಿತು. ಮಾದೇವ ಉಳಿದ.
ಹಿಂದಿನ ಸೀಟಿನ ಗೆಳೆಯ ಉಳಿಯಲಿಲ್ಲ...
ಮಾದೇವನ ಅವ್ವ ಕಳಿಸಿದ್ದ ಹುರಿದ ಕಡಲೆಕಾಯಿಯನ್ನು ಇವನಿಗೆ ಕೊಡೋಣವೆಂದು ಒಂದು ಗಳಿಗೆ ಬೆಲ್ಟ್ ಬಿಚ್ಚಿದ್ದ. ತಲೆ ಮೇಲ್ಚಾವಣಿಗೆ ಬಡಿಯಿತು.

ಆಮೇಲೆ ಇವನು ಕಡಲೆಕಾಯಿ ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಊರಿಗೆ ಬಂದವನು ಗುಜರಿಯಿಂದ ಹಳೇ ಬಸ್ಸಿನ ಬಾಡಿ ತಂದು ಹೊಲದ ಅಂಚಿಗೆ ನಿಲ್ಲಿಸಿದ. ಸೀಟುಗಳಿಗೆ ಸೇನೆಯ ಗಾಡಿಯಲ್ಲಿರುವಂಥದ್ದೇ ಬೆಲ್ಟ್ ಹಾಕಿಸಿದ.
ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ... ಸೇನೆಗೆ ಸೆಲೆಕ್ಟ್ ಆದ ಮಕ್ಕಳಿಗೆಲ್ಲ ಭಾನುವಾರ ಕ್ಲಾಸ್.
ಕಣ್ಣಿಗೆ ಬಟ್ಟೆ, ಕೈಗೆ ಗ್ಲೌಸ್. ಹಾಗೇ ಬೆಲ್ಟ್ ಕಟ್ಟಬೇಕು, ಬಿಚ್ಚಬೇಕು.
"ಬಿಚ್ಚಕ್ಕಾಗಲ್ಲ ಅನ್ನೋ ಭಯಕ್ಕೇ ಕಣ್ಲಾ ಕಟ್ಟದೆ ಕೂರೋದು. ಮೊದ್ಲು ಬಿಚ್ಚೋದು ಕಲೀಲಿ, ಆಮೇಲೆ ಅವ್ರೇ ಕಟ್ಕತಾರೆ" ಅನ್ನುತ್ತಿದ್ದ.

ಮಾದೇವ...
ನನ್ನ ವ್ಯಾನ್ ಹತ್ತುವಾಗೆಲ್ಲ ನಿನ್ನದು ಒಂದೇ ರಾಗ.
"ಪೇಂಟ್ ಡಬ್ಬ ಕಟ್ಲಾ ಮೊದ್ಲು! ಗಾಡಿ ಎಗರಿದ್ರೆ ಅದು ನಿನ್ ಬುಂಡೆ ಉಡಿಕ್ಕಂಡು ಬತ್ತದೆ."
ಆ ಬಸ್ಸಿನೊಳಗೆ ಬರೆಯೋಕೆ ನೀನು ನನ್ನ ಹತ್ತಿರ ಪ್ರಾಸ ಕೇಳಿದೆ. ಭಯ ಆದಾಗಲೂ ಬಾಯಿಗೆ ಬರಬೇಕು ಅಂದೆ.
"ಬೆಲ್ಟು ಹಾಕ್ಕೋ ಭಾವಯ್ಯ, ಇಲ್ದಿದ್ರೆ ಮೇಲೋಯ್ತೀಯ" ಅಂತ ನಾನು ಕೊಟ್ಟೆ.
"ಇದು ಬೀಗರೂಟದ ವ್ಯಾನಿಗೆ ಸರಿ ಕಣ್ಲಾ. ನಗ್ತಾರೆ, ಬೆಲ್ಟ್ ಮರೀತಾರೆ" ಅಂದೆ ನೀನು.
ನಾನು ಇನ್ನೊಂದು ಕೊಟ್ಟೆ. ಅದನ್ನೂ ನೀನು ವಾಪಸ್ ಕಳಿಸಿದೆ.
ನಿನ್ನೆಯ ನಿನ್ನ ವಾಯ್ಸ್ ಮೆಸೇಜ್ ಈಗ ನಾನು ಮತ್ತೆ ಕೇಳಿದೆ...
"ಬೆಲ್ಟ್ ಬಂತು, ಕಾಲ್ ಬಂತು, ಡಬ್ಬ ಬಂತು. ಎಲ್ಲಾ ಸರಿ ಕಣ್ಲಾ ಕವಿ. ಆದ್ರೆ ಹೋದೋರು ವಾಪಸ್ ಮನೆಗೆ ಬರೋದೆಲ್ಲಿ? ಅದ್ ಬರ್ದು ಕಳ್ಸು. ಇಲ್ಲಾಂದ್ರೆ ಪೇಂಟ್ ತರ್ಬೇಡ, ಬುಡು."

ಈಗ ನಿನ್ನ ಮನೆ ಜಗಲಿಯಿಂದಲೇ ಬರೆಯುತ್ತಿದ್ದೇನೆ.
ಸವಿತಾಗೆ ಸಮಾಧಾನ ಹೇಳೋಣವೆಂದು ಹೋದೆ. ನಿನ್ನ ಹೆಂಡತಿ ಅಲ್ಲವೇ... ಅವಳೇ ಹೇಳಿದಳು.
"ಅಣ್ಣ, ಭಾನ್ವಾರದ ಕ್ಲಾಸ್ ನಿಲ್ಬಾರ್ದು ಕಣಣ್ಣ. ಹಂಪಾಪುರದ ಹುಡ್ಗಿ ಮುಂದಿನ ವಾರ ಟ್ರೈನಿಂಗ್‌ಗೆ ಒಂಟೋಯ್ತಾಳೆ. ಅವ್ಳಿಗಿನ್ನೂ ಬಿಚ್ಚಕ್ಕೆ ಬರಲ್ಲ."

ನಿಲ್ಲುವುದಿಲ್ಲ.
ಬಿಳಿಕೆರೆಯ ನಿವೃತ್ತ ಸುಬೇದಾರ್ ಸಾಹೇಬರಿಗೆ ಫೋನ್ ಮಾಡಿದೆ. "ಬತ್ತೀನಿ ಕಣ್ರೀ" ಅಂದರು, ಅಷ್ಟೇ.
ಗೆಳೆಯರೇ, ನಾಳೆ ಮಣ್ಣಿಗೆ ಬನ್ನಿ. ಹೂವಿನ ಹಾರ ಒಂದು ಸಾಕು, ಉಳಿದವರು ಸೀಟಿಗೆ ಒಂದೊಂದು ಬೆಲ್ಟ್ ತನ್ನಿ. ಬಸ್ಸಿನಲ್ಲಿ ಇನ್ನೂ ಬೆಲ್ಟಿಲ್ಲದ ಸೀಟುಗಳಿವೆ.
ಸೇನೆಯಲ್ಲಿದ್ದು ಬಂದವರು ಭಾನುವಾರವೂ ಬನ್ನಿ.

ನಾನು ಪೇಂಟ್ ತರುತ್ತೇನೆ. ಡಬ್ಬ ಕಟ್ಟಿಕೊಂಡೇ ತರುತ್ತೇನೆ.
ಬಸ್ಸಿನೊಳಗೆ, ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತೇನೆ...

ಮೊದಲು ಬೆಲ್ಟು ಕಟ್ಟು.
ಪಾದ ಮೇಲಿಡು, ನೆಲ ಬಿಟ್ಟು.
ಡಬ್ಬ ಡ್ರಮ್ಮು ಬಿಗಿದು ಕಟ್ಟು.
ಆಮೇಲೇ ಗಾಡಿ ಸ್ಟಾರ್ಟು.
ಇಳಿದು ನಡ್ಕೊಂಡು ಬಾ ಮಗ,
ಮನೇಲಿ ಕಾದದೆ ಬಿಸಿ ರಾಗಿ ಹಿಟ್ಟು.

ಈಗ ಸರಿಯೇನ್ಲಾ?

ಹೋಗಿ ಬಾ ಮಾದೇವ... ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ.
ಅಲ್ಲಾದರೂ ಪಾದ ನೆಲಕ್ಕೆ ಊರಿ, ಆರಾಮಾಗಿ ಕೂತ್ಕೋ.