ಬಲಗಾಲೂರಿದ ಸ್ನೇಹ

ಬೆಳಗಿನ ಐದೂಮುಕ್ಕಾಲು. ಬಿಂಡಿಗನವಿಲೆಯ ಅಂಚಿನ ಬೀಳುಹೊಲದಲ್ಲಿ ಮಾದಮ್ಮ ಕುರಿಗಳನ್ನು ಹೊರಗೆಬ್ಬಿಸಿ, ರೊಪ್ಪಕ್ಕೆ ಸುತ್ತಿದ್ದ ಬಲೆಯನ್ನು ಬಿಚ್ಚುತ್ತಾರೆ. ಊರಿಗೆ ಬಂದಿರುವ ಮಗಳು ಸ್ನೇಹ ಅದನ್ನೇ ಎರಡು ಗಳುಗಳಿಗೆ ಕಟ್ಟಿ ಗೋಲು ಮಾಡಿಕೊಳ್ಳುತ್ತಾರೆ. ಬಿಸಿಲೇರುವಷ್ಟರಲ್ಲಿ ಅರವತ್ತು ಸಲ ಚೆಂಡು ಬಲೆಗೆ ಬೀಳಬೇಕು. ಎಲ್ಲವೂ ಎಡಗಾಲಿನ ಒದೆತ.

ಇಪ್ಪತ್ತೇಳರ ಸ್ನೇಹ ಬೆಂಗಳೂರಿನ ಮಹಿಳಾ ಫುಟ್‌ಬಾಲ್ ಕ್ಲಬ್ಬೊಂದರ ಫಾರ್ವರ್ಡ್ ಆಟಗಾರ್ತಿ. ಎಂಟು ವರ್ಷದ ಆಟದಲ್ಲಿ ನಲವತ್ತೊಂದು ಗೋಲು ಹೊಡೆದಿದ್ದಾರೆ. ಊರಿನ ಬಸ್ ನಿಲ್ದಾಣದಲ್ಲಿ ಮಾತ್ರ ಈಗಲೂ ಕುರಿ ಮಾದಮ್ಮನ ಮಗಳು.

ಹೈಸ್ಕೂಲಿನಲ್ಲಿ ಖೊಖೊ ಆಡುತ್ತಿದ್ದ ಹುಡುಗಿಯನ್ನು ಫುಟ್‌ಬಾಲಿಗೆ ಎಳೆದವರು ಪಿ.ಟಿ. ಮೇಷ್ಟ್ರು ಮಹದೇವಸ್ವಾಮಿ. ನಾಗಮಂಗಲದ ಪಂದ್ಯಕ್ಕೆ ಹನ್ನೊಂದನೆಯವಳು ಸಿಕ್ಕಿರಲಿಲ್ಲ, ಅಷ್ಟೆ. "ಚಡ್ಡಿ ಆಕ್ಕಂಡು ಗಂಡುಡುಗ್ರಂಗೆ ಓಡ್ತಳೆ ಅಂತ ಆಡ್ಕಂಡ್ರು" ಎನ್ನುತ್ತಾರೆ ಮಾದಮ್ಮ. "ಕುರಿ ಇಂದೆ ಓಡಿ ಬೆಳ್ದೋಳು, ಬಾಲ್ ಇಂದೆ ಓಡುದ್ರೆ ಏನಂತೆ ಅಂದೆ."

ಎರಡು ವರ್ಷದ ಹಿಂದೆ ಪಂದ್ಯವೊಂದರಲ್ಲಿ ಸರ್ರನೆ ತಿರುಗುವಾಗ ಸ್ನೇಹ ಅವರ ಬಲಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್, ಆಮೇಲೆ ಹತ್ತು ತಿಂಗಳ ವ್ಯಾಯಾಮ. ಅಷ್ಟರಲ್ಲಿ ಹಳೆಯ ಕ್ಲಬ್ಬು ಬೇರೆಯವರನ್ನು ತೆಗೆದುಕೊಂಡಿತ್ತು.

"ನಾನು ಎಡಗಾಲಲ್ಲೇ ಒದ್ಯೋದು. ಆಗ ಮೈಭಾರೆಲ್ಲ ಬಲಗಾಲ್ಮೇಲೆ ಬೀಳ್ತದೆ. ಡಾಕ್ಟ್ರು ಮಂಡಿ ಸರ್ಯಾಗದೆ ಅಂದ್ರು. ನಂಗೇ ನಂಬ್ಕೆ ಬರ್ಲಿಲ್ಲ, ಒದ್ರೆ ಬಿದ್ಬುಡ್ತೀನಿ ಅನ್ಸೋದು" ಎನ್ನುತ್ತಾರೆ ಸ್ನೇಹ.

ಹೊಸ ಕ್ಲಬ್ಬು ಸೇರಿದ ಮೇಲೂ ಅವರು ಚೆಂಡು ಬಂದರೆ ಒದೆಯದೆ ಪಕ್ಕದವರಿಗೆ ದಾಟಿಸತೊಡಗಿದರು. ಕೋಚ್ ನಾಲ್ಕು ಪಂದ್ಯ ಹೊರಗೆ ಕೂರಿಸಿದರು. "ಒದ್ಯೋಕೆ ಎದ್ರೋ ಫಾರ್ವರ್ಡು ನಮ್ಗ್ಯಾಕೆ ಅಂದ್ರು. ಅವ್ರದ್ದೇನು ತಪ್ಪಿಲ್ಲ ಬುಡಿ" ಎನ್ನುತ್ತಾರೆ ಸ್ನೇಹ. ಆ ವಾರವೇ ಊರಿಗೆ ಬಂದು ಕುರಿಬಲೆ ಕಟ್ಟಿದರು. ಮೊದಲ ದಿನ ಒದ್ದದ್ದು ಆರೇ ಸಲ.

ಕಳೆದ ತಿಂಗಳು ಸೀಸನ್ನಿನ ಕೊನೆಯ ಪಂದ್ಯ. ಎರಡೂ ತಂಡಕ್ಕೆ ಒಂದೊಂದು ಗೋಲು, ಸಮ. ಒಂಬತ್ತು ನಿಮಿಷ ಉಳಿದಾಗ ಕೋಚ್ ಸ್ನೇಹ ಅವರನ್ನು ಒಳಕ್ಕೆ ಕಳಿಸಿದರು. ಗೋಲಿನ ಮುಂದೆ ಚೆಂಡು ಅವರಿಗೇ ಸಿಕ್ಕಿತು. ದಾಟಿಸಲಿಲ್ಲ. ಬಲಗಾಲೂರಿ ಬೀಸಿ ಒದ್ದರು. ಗೋಲ್‌ಕೀಪರ್ ಕೈಗೆ ಬಡಿದು ಪುಟಿದ ಚೆಂಡನ್ನು ಜೊತೆ ಆಟಗಾರ್ತಿ ರಂಜಿತ ಒಳಗೆ ತಳ್ಳಿದರು. ತಂಡ ಗೆದ್ದಿತು. ಪತ್ರಿಕೆಯಲ್ಲಿ ರಂಜಿತ ಅವರ ಹೆಸರು ಬಂತು.

ಅಂದು ಸಂಜೆ ಮಾದಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಗೋಲು ನೀನ್ ಒಡುದ್ಯಾ?"

"ಇಲ್ಲ ಕಣವ್ವ, ರಂಜಿತ ಒಡುದ್ಲು. ನಾನು ಒದ್ದೂ ಬೀಳ್ದೆ ನಿಂತ್ಕಂಡಿದ್ದೆ."